ಅಂಬಾಸಿಡರ್‌ನಿಂದ ಎಂಜಿಬಿವರೆಗೆ: ಬಿ-ಸೀರೀಸ್ ಕ್ರ್ಯಾಂಕ್‌ಶಾಫ್ಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಕಾರು ಇಟ್ಟುಕೊಂಡವರು ಎಂಜಿನ್ ಇಳಿಸಿದ ದಿನ ಒಂದು ಪ್ರಶ್ನೆ ಎದುರಾಗುತ್ತದೆ. ಕ್ರ್ಯಾಂಕ್ (ಪಿಸ್ಟನ್‌ಗಳ ಮೇಲೆ ಕೆಳಗಿನ ಓಟವನ್ನು ತಿರುಗಾಟವಾಗಿಸುವ ದಂಡ) ಹಾಳಾಗಿದೆ, ಬೇರೆ ಯಾವುದಾದರೂ ಹೊಂದುತ್ತದಾ? ನಮ್ಮ ಊರುಗಳಲ್ಲಿ ಇದನ್ನು ಹೆಚ್ಚಾಗಿ ಕೇಳುವವರು ಅಂಬಾಸಿಡರ್ ಮಾಲೀಕರು. ಇಂಗ್ಲೆಂಡಿನಲ್ಲಿ ನೆಲೆಸಿ ಅಲ್ಲಿ ಹಳೆಯ ಎಂಜಿಬಿ ಸ್ಪೋರ್ಟ್ಸ್ ಕಾರು ಕೊಂಡ ಕನ್ನಡಿಗರೂ ಇದನ್ನೇ ಕೇಳುತ್ತಾರೆ. ಎರಡೂ ಕಾರಿನ ಎಂಜಿನ್ ಒಂದೇ ಮನೆತನದ್ದು. ಅದಕ್ಕೇ ಇಲ್ಲಿ ಬಿ-ಸೀರೀಸ್ ಎಂಜಿನ್ನನ್ನೇ ಮುಂದಿಟ್ಟುಕೊಂಡು ಉತ್ತರ ಬರೆದಿದ್ದೇನೆ. ಕೊನೆಯಲ್ಲಿ ಜೀಪ್, ಫಿಯಟ್, ಹೆರಾಲ್ಡ್ ಬಗ್ಗೆಯೂ ಸ್ವಲ್ಪ ಇದೆ.

ಅಂಬಾಸಿಡರ್ ಎಂಜಿನ್‌ಗೂ ಎಂಜಿಬಿ ಎಂಜಿನ್‌ಗೂ ಏನು ನೆಂಟಸ್ತಿಕೆ?

ಎರಡೂ ಬ್ರಿಟಿಷ್ ಮೋಟರ್ ಕಾರ್ಪೊರೇಶನ್, ಅಂದರೆ ಬಿಎಂಸಿ ರೂಪಿಸಿದ ಬಿ-ಸೀರೀಸ್ ಕುಟುಂಬಕ್ಕೆ ಸೇರಿದವು. ಹಿಂದುಸ್ತಾನ್ ಮೋಟರ್ಸ್ ತನ್ನ ಉತ್ತರಪಾರಾ ಕಾರ್ಖಾನೆಯಲ್ಲಿ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರನ್ನು ಆಧಾರವಾಗಿಟ್ಟುಕೊಂಡು ಅಂಬಾಸಿಡರ್ ಮಾಡಿತು. ಮೊದಲಿಗೆ ಅದರಲ್ಲಿದ್ದದ್ದು 1476 ಸಿಸಿ ಸೈಡ್ ವಾಲ್ವ್ (ವಾಲ್ವ್‌ಗಳು ಸಿಲಿಂಡರ್ ಪಕ್ಕದಲ್ಲಿರುವ) ಎಂಜಿನ್. 1959ರಲ್ಲಿ ಅದರ ಜಾಗಕ್ಕೆ 1489 ಸಿಸಿ ಬಿ-ಸೀರೀಸ್ ಬಂತು. ನಾವೆಲ್ಲ ಟ್ಯಾಕ್ಸಿಯಲ್ಲಿ, ಸರ್ಕಾರಿ ಕಚೇರಿಗಳ ಮುಂದೆ ಕೇಳಿ ಬೆಳೆದ ಸದ್ದು ಅದರದ್ದೇ.

ಅತ್ತ ಇಂಗ್ಲೆಂಡಿನಲ್ಲಿ ಇದೇ ಎಂಜಿನ್ ಬೆಳೆಯುತ್ತಾ ಹೋಯಿತು. 1955ರ ಎಂಜಿಎ ಕಾರಿನಲ್ಲಿ 1489 ಸಿಸಿ ಇತ್ತು. ಆಮೇಲೆ 1588, ಆಮೇಲೆ 1622. 1962ರಲ್ಲಿ ಎಂಜಿಬಿ ಬಂದಾಗ 1798 ಸಿಸಿ. ಎಂಜಿಬಿ ನಿಂತದ್ದು 1980ರಲ್ಲಿ. ಇತ್ತ ಅಂಬಾಸಿಡರ್ 2014ರವರೆಗೂ ಬಂತು, ಆದರೆ ಆ ಹೊತ್ತಿಗೆ ಅದರ ಒಳಗಿನ ಎಂಜಿನ್ ಬೇರೆಯಾಗಿತ್ತು. ಈ ಪುಟದಲ್ಲಿ ನಾನು ಅಂಬಾಸಿಡರ್ ಎಂದಾಗಲೆಲ್ಲ ಹಳೆಯ 1489 ಸಿಸಿ ಪೆಟ್ರೋಲ್, 3 ಮೇನ್ ಬೇರಿಂಗ್ ಇರುವ ಎಂಜಿನ್ ಎಂದೇ ತಿಳಿಯಿರಿ.

ಸ್ಟ್ರೋಕ್ ಒಂದೇ ಇದ್ದರೆ ಕ್ರ್ಯಾಂಕ್ ಹೊಂದಲೇಬೇಕು ಅಲ್ವಾ?

ಇಲ್ಲ. ಹಣ ಹಾಳಾಗುವುದು ಹೆಚ್ಚಾಗಿ ಈ ಲೆಕ್ಕದಲ್ಲೇ.

ಬಿ-ಸೀರೀಸ್‌ನಲ್ಲಿ ಒಂದು ವಿಶೇಷ ಇದೆ. 1489, 1588, 1622, 1798, ಈ ನಾಲ್ಕಕ್ಕೂ ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 88.9 ಮಿ.ಮೀ., ಅಂದರೆ ಸರಿಯಾಗಿ ಮೂರೂವರೆ ಇಂಚು. ಸಿಸಿ ಏರಿಸಿದ್ದು ಬೋರ್, ಅಂದರೆ ಸಿಲಿಂಡರ್ ತೂತನ್ನು, ಅಗಲ ಮಾಡಿ. 1489ರ ಬೋರ್ 73 ಮಿ.ಮೀ., 1588ರದ್ದು 75.4, 1622ರದ್ದು 76.2, 1798ರದ್ದು 80.26. ಕಾಗದದ ಮೇಲೆ ನೋಡಿದವರಿಗೆ ಕ್ರ್ಯಾಂಕ್ ಎಲ್ಲಾ ಒಂದೇ ಅನ್ನಿಸುವುದು ಸಹಜ.

ಆದರೆ ಸ್ಟ್ರೋಕ್ ಹೇಳುವುದು ಒಂದೇ ಒಂದು ಮಾತು: ಕ್ರ್ಯಾಂಕ್‌ನ ನಡುಗೆರೆಯಿಂದ ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಕೂರುವ ಪಿನ್ ಎಷ್ಟು ದೂರ ಇದೆ ಎಂದು. ಇಲ್ಲಿ ಅದು 44.45 ಮಿ.ಮೀ. ಮೇನ್ ಜರ್ನಲ್, ಅಂದರೆ ಬ್ಲಾಕ್‌ನ ಬೇರಿಂಗ್‌ನಲ್ಲಿ ಕೂರುವ ದುಂಡು ಭಾಗ, ಎಷ್ಟು ದಪ್ಪ? ಎಷ್ಟು ಕಡೆ ಆಧಾರ ಇದೆ? ಹಿಂಬದಿಯಲ್ಲಿ ಆಯಿಲ್ ತಡೆಯುವ ಏರ್ಪಾಡು ಯಾವುದು? ಫ್ಲೈವೀಲ್ ಕೂರುವ ಫ್ಲ್ಯಾಂಜ್ ಎಂಥದ್ದು? ಗೇರ್‌ಬಾಕ್ಸ್ ಶಾಫ್ಟ್ ಮೂತಿ ಕೂರುವ ಬುಷ್ ಯಾವ ಅಳತೆ? ಮುಂದೆ ಟೈಮಿಂಗ್ ಚೈನ್ ಜೋಡಿಯೋ ಒಂಟಿಯೋ? ಇದ್ಯಾವುದಕ್ಕೂ ಸ್ಟ್ರೋಕ್ ಉತ್ತರ ಕೊಡುವುದಿಲ್ಲ.

ಉದಾಹರಣೆಗೆ ಎಂಜಿಎ 1500ರ ಮೇನ್ ಜರ್ನಲ್ 2 ಇಂಚು. ಎಂಜಿಬಿಯದ್ದು ಎರಡು ಇಂಚು ಮತ್ತು ಎಂಟನೇ ಒಂದು ಭಾಗ, ಸುಮಾರು 54 ಮಿ.ಮೀ. ಮೂರು ಮಿ.ಮೀ. ವ್ಯತ್ಯಾಸ. ಕಣ್ಣಿಗೆ ಅಷ್ಟಾಗಿ ಕಾಣದು. ಆದರೆ ಎಂಜಿಎ ಬ್ಲಾಕ್‌ನಲ್ಲಿ ಎಂಜಿಬಿ ಕ್ರ್ಯಾಂಕ್ ಕೂರುವುದೇ ಇಲ್ಲ.

3 ಬೇರಿಂಗ್, 5 ಬೇರಿಂಗ್ ಎನ್ನುತ್ತಾರಲ್ಲ, ಏನದು?

ನಾಲ್ಕು ಸಿಲಿಂಡರ್ ಎಂಜಿನ್‌ನ ಕ್ರ್ಯಾಂಕ್‌ಗೆ ನಾಲ್ಕು ಪಿನ್ ಇರುತ್ತವೆ. 1 ಮತ್ತು 4 ಒಂದು ಕಡೆ, 2 ಮತ್ತು 3 ಅದರ ಎದುರು ಕಡೆ. ಈ ಕ್ರ್ಯಾಂಕನ್ನು ಬ್ಲಾಕ್ ಎಷ್ಟು ಕಡೆ ಹಿಡಿದುಕೊಂಡಿದೆ ಎನ್ನುವುದೇ ಮೇನ್ ಬೇರಿಂಗ್ ಲೆಕ್ಕ. ಹಳೆಯ ಬಿ-ಸೀರೀಸ್‌ನಲ್ಲಿ ಮುಂದೆ ಒಂದು, ನಡುವೆ ಒಂದು, ಹಿಂದೆ ಒಂದು. ಅಂದರೆ ಎರಡು ಆಧಾರಗಳ ನಡುವೆ ಎರಡೆರಡು ಪಿನ್. ಐದು ಬೇರಿಂಗ್ ಎಂಜಿನ್‌ನಲ್ಲಿ ಪ್ರತಿ ಪಿನ್‌ನ ಎರಡೂ ಪಕ್ಕ ಆಧಾರ ಇದೆ.

ಎರಡು ಗೋಡೆಗಳ ನಡುವೆ ಉದ್ದನೆಯ ಬಿದಿರು ಇಟ್ಟು ಅದರ ಮೇಲೆ ಎರಡು ಮೂಟೆ ಹೇರಿದರೆ ಅದು ಬಾಗುತ್ತದೆ. ನಡುವೆ ಇನ್ನೊಂದು ಕಂಬ ಕೊಟ್ಟರೆ ಬಾಗುವುದಿಲ್ಲ. ಕ್ರ್ಯಾಂಕ್ ಕೂಡ ಹಾಗೇ. ಎಂಜಿನ್ ಜೋರಾಗಿ ತಿರುಗುವಾಗ ಮೂರು ಬೇರಿಂಗ್ ಕ್ರ್ಯಾಂಕ್ ಬಾಗುತ್ತದೆ, ನಿಮಗೆ ಕಾಣುವುದಿಲ್ಲ ಅಷ್ಟೇ. ಬೋರ್ ದೊಡ್ಡದಾದಂತೆ ಪಿಸ್ಟನ್ ತಳ್ಳುವ ಬಲವೂ ಜಾಸ್ತಿಯಾಯಿತು. ಬಿಎಂಸಿ 1964ರ ಅಕ್ಟೋಬರ್‌ನಲ್ಲಿ 1798ಕ್ಕೆ ಐದು ಬೇರಿಂಗ್ ಕೊಟ್ಟಿತು. ಅದೇ ತಿಂಗಳು ಬಂದ ಆಸ್ಟಿನ್ 1800ರಲ್ಲೂ ಐದು ಬೇರಿಂಗ್ ಇತ್ತು.

ಹಾಗಂತ ಮೂರು ಬೇರಿಂಗ್ ಕೀಳು ಎಂದು ನಾನು ಹೇಳಲಾರೆ. ಅದರಲ್ಲಿ ಉಜ್ಜಾಟ ಕಡಿಮೆ, ಎಂಜಿನ್ ಹಗುರವಾಗಿ ತಿರುಗುತ್ತದೆ. ಅಂಬಾಸಿಡರ್ ಓಡುವ ವೇಗಕ್ಕೆ ಮೂರು ಬೇರಿಂಗ್ ಸಾಕಷ್ಟಾಯಿತು. ಅಷ್ಟು ವರ್ಷ ಟ್ಯಾಕ್ಸಿಯಾಗಿ ದುಡಿದದ್ದೇ ಅದಕ್ಕೆ ಸಾಕ್ಷಿ.

ನನ್ನ ಬಳಿ ಇರುವುದು ಯಾವ ಎಂಜಿನ್ ಎಂದು ತಿಳಿಯುವುದು ಹೇಗೆ?

ಎಂಜಿ ಕಾರಾದರೆ ಎಂಜಿನ್ ನಂಬರ್‌ನ ಮೊದಲ ಅಕ್ಷರಗಳನ್ನು ನೋಡಿ. 15ಜಿಬಿ, 15ಜಿಡಿ ಎಂದರೆ 1489. 16ಜಿಎ ಎಂದರೆ 1588. 16ಜಿಸಿ ಎಂದರೆ 1622. ಎಂಜಿಬಿಯಲ್ಲಿ 18ಜಿ ಮತ್ತು 18ಜಿಎ ಮೂರು ಬೇರಿಂಗ್‌ನವು. 18ಜಿಬಿಯಿಂದ ಮುಂದೆ ಎಲ್ಲವೂ ಐದು. ಕೊನೆಯ ವರ್ಷಗಳವು 18ವಿ.

ಇನ್ನೊಂದು ಸುಳಿವೂ ಇದೆ. ಮೂರು ಬೇರಿಂಗ್ ಎಂಜಿಬಿಯಲ್ಲಿ ಆರ್‌ಪಿಎಂ ಮೀಟರ್‌ಗೆ ಎಂಜಿನ್‌ನಿಂದಲೇ ಕೇಬಲ್ ಹೋಗುತ್ತದೆ. ಐದು ಬೇರಿಂಗ್ ಬಂದಾಗ ಅದು ಎಲೆಕ್ಟ್ರಿಕ್ ಆಯಿತು.

ಆದರೆ ನಂಬರ್ ಪ್ಲೇಟ್ ಸಣ್ಣ ತಗಡು. ಅರವತ್ತು ವರ್ಷದಲ್ಲಿ ಅದು ಒಂದು ಬ್ಲಾಕ್‌ನಿಂದ ಇನ್ನೊಂದಕ್ಕೆ ಹೋಗಿರಬಹುದು. ನಮ್ಮಲ್ಲಂತೂ ಟ್ಯಾಕ್ಸಿ ಕಾಲದಲ್ಲಿ ಎಂಜಿನ್ ಬದಲಾಯಿಸದ ಅಂಬಾಸಿಡರ್ ಸಿಗುವುದೇ ಕಷ್ಟ. ನನ್ನ ಮಾತು ಕೇಳುವುದಾದರೆ ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಬಿಚ್ಚಿ, ಮೇನ್ ಕ್ಯಾಪ್, ಅಂದರೆ ಮೇನ್ ಬೇರಿಂಗನ್ನು ಕೆಳಗಿನಿಂದ ಹಿಡಿಯುವ ಮುಚ್ಚಳಗಳನ್ನು, ಎಣಿಸಿ. ಅರ್ಧ ದಿನದ ಕೆಲಸ. ಅಲ್ಲಿಗೆ ಅನುಮಾನ ಮುಗಿಯಿತು.

ಎಂಜಿಬಿ ಕ್ರ್ಯಾಂಕನ್ನು ಅಂಬಾಸಿಡರ್‌ಗೆ ಹಾಕಬಹುದಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಹಾಕಲು ಬರುವುದಿಲ್ಲ.

ಐದು ಬೇರಿಂಗ್‌ನದ್ದಾದರೆ ಮಾತೇ ಇಲ್ಲ. ಬ್ಲಾಕ್‌ನಲ್ಲಿ ಆ ಎರಡು ಹೆಚ್ಚಿನ ಬೇರಿಂಗ್ ಕೂರಲು ಗೋಡೆಯೇ ಇಲ್ಲ. ಮೂರು ಬೇರಿಂಗ್ 18ಜಿ ಕ್ರ್ಯಾಂಕ್ ಆದರೂ ಮೇನ್ ಜರ್ನಲ್ ದಪ್ಪ. ಅದನ್ನು ಗ್ರೈಂಡ್ ಮಾಡಿ 2 ಇಂಚಿಗೆ ಇಳಿಸೋಣ ಎಂದು ಕೆಲವರು ಹೇಳುತ್ತಾರೆ. 125 ಥೌ, ಅಂದರೆ ಇಂಚಿನ ಎಂಟನೇ ಒಂದು ಭಾಗ, ಕೆರೆಯಬೇಕಾಗುತ್ತದೆ. ಕಾರ್ಖಾನೆ ಒಪ್ಪಿಕೊಂಡ ಕೊನೆಯ ಅಳತೆ 40 ಥೌ. ಮೂರು ಪಟ್ಟು ಮೀರಿ ಕೆರೆದ ಕ್ರ್ಯಾಂಕನ್ನು ನಂಬಿ ಮನೆಯವರನ್ನು ಕೂರಿಸಿಕೊಂಡು ಘಾಟಿ ಹತ್ತಬೇಡಿ.

ಅಂಬಾಸಿಡರ್‌ಗೆ ಅತಿ ಹತ್ತಿರದ್ದು ಅದೇ ಕಾಲದ ಬೇರೆ 1489 ಕಾರುಗಳ ಕ್ರ್ಯಾಂಕ್: ಮಾರಿಸ್ ಆಕ್ಸ್‌ಫರ್ಡ್, ಆಸ್ಟಿನ್ ಕೇಂಬ್ರಿಡ್ಜ್, ಎಂಜಿಎ 1500. ಅಲ್ಲೂ ಹಿಂಬದಿಯ ಫ್ಲ್ಯಾಂಜ್, ಬುಷ್ ಎರಡನ್ನೂ ನಿಮ್ಮ ಹಳೆಯದರ ಪಕ್ಕ ಇಟ್ಟು ನೋಡಿಯೇ ದುಡ್ಡು ಕೊಡಿ. ಆದರೆ ಇಂಗ್ಲೆಂಡಿನಿಂದ ತರಿಸುವ ಮೊದಲು ಇಲ್ಲೇ ಹುಡುಕಿ. ಬೆಂಗಳೂರಿನ ಜೆ.ಸಿ. ರಸ್ತೆ, ಕೋಲ್ಕತ್ತಾದ ಮಲ್ಲಿಕ್ ಬಜಾರ್, ದೆಹಲಿಯ ಕಶ್ಮೀರಿ ಗೇಟ್ ಕಡೆ ಹಳೆಯ ಗಾಡಿಗಳ ಸಾಮಾನು ಬಲ್ಲವರು ಇನ್ನೂ ಇದ್ದಾರೆ. ಅಂಬಾಸಿಡರ್ ಕ್ರ್ಯಾಂಕ್ ಅಂಬಾಸಿಡರ್‌ಗೆ ಹೊಂದಿದಷ್ಟು ಬೇರೆ ಯಾವುದೂ ಹೊಂದುವುದಿಲ್ಲ.

ಐದು ಬೇರಿಂಗ್ 1798ಗಳ ನಡುವೆ ಅದಲು ಬದಲು ಮಾಡಬಹುದಾ?

ಇಲ್ಲಿ ದಾರಿ ಸುಲಭ. ಮೇನ್ ಮತ್ತು ಬಿಗ್ ಎಂಡ್ (ರಾಡ್‌ನ ಕೆಳತುದಿ ಕೂರುವ ಜಾಗ) ಅಳತೆ ಒಂದೇ. 1971ರಲ್ಲಿ ಬಂದ ಮಾರಿಸ್ ಮರೀನಾ 1.8 ಕೂಡ ಹಿಂಬದಿ ಚಕ್ರ ಓಡಿಸುವ ಕಾರು. ಅದರ ಎಂಜಿನ್ ಸಾಮಾನು ಎಂಜಿಬಿಗೆ ಬಳಸುವವರು ಬಹಳ ಮಂದಿ.

ಎಡವುವುದು ಆಸ್ಟಿನ್ 1800 ಕ್ರ್ಯಾಂಕ್‌ನಲ್ಲಿ. ಅದೇ 1798, ಅದೇ ಐದು ಬೇರಿಂಗ್. ಆದರೆ ಆ ಕಾರಿನಲ್ಲಿ ಎಂಜಿನ್ ಅಡ್ಡಲಾಗಿ ಕೂತಿದೆ, ಗೇರ್‌ಬಾಕ್ಸ್ ಎಂಜಿನ್‌ನ ಕೆಳಗೇ ಇದೆ. ಹಾಗಾಗಿ ಕ್ರ್ಯಾಂಕ್‌ನ ಬಾಲದ ತುದಿಯೇ ಬೇರೆ ಆಕಾರ. ಅಗ್ಗವಾಗಿ ಸಿಕ್ಕಿತು ಎಂದು ಕೊಂಡರೆ ಎಂಜಿಬಿ ಫ್ಲೈವೀಲ್ ಅದಕ್ಕೆ ಕೂರುವುದಿಲ್ಲ.

ಎಂಜಿಬಿಯ ಒಳಗೇ ಎರಡು ಕಡೆ ಗಮನ ಕೊಡಿ. 1967ರಲ್ಲಿ ಎಲ್ಲಾ ಗೇರ್‌ಗೂ ಸಿಂಕ್ರೊ (ಗೇರ್ ಸುಲಭವಾಗಿ ಬೀಳುವ ಏರ್ಪಾಡು) ಇರುವ ಗೇರ್‌ಬಾಕ್ಸ್ ಬಂತು. ಆಗ ಎಂಜಿನ್ ಬ್ಯಾಕ್‌ಪ್ಲೇಟ್ ಮತ್ತು ಫ್ಲೈವೀಲ್ ಬದಲಾದವು. ಹಳೆಯ ಗೇರ್‌ಬಾಕ್ಸ್‌ಗೆ ಹೊಸ ಎಂಜಿನ್ ಕೂರಿಸುವಾಗ ಬ್ಯಾಕ್‌ಪ್ಲೇಟ್, ಫ್ಲೈವೀಲ್, ಬುಷ್ ಮೂರನ್ನೂ ಒಟ್ಟಿಗೆ ಹೊಂದಿಸಿಕೊಳ್ಳಬೇಕು. ಎರಡನೆಯದು ಚೈನ್. ಮೊದಲು ಜೋಡಿ ಚೈನ್ ಇತ್ತು, 18ವಿ ಕಾಲದಲ್ಲಿ ಒಂಟಿ ಚೈನ್ ಬಂತು. ಕ್ರ್ಯಾಂಕ್ ಮೇಲಿನ ಹಲ್ಲುಗಾಲಿ ಮತ್ತು ಕ್ಯಾಮ್ ಮೇಲಿನದ್ದು ಒಂದೇ ಜಾತಿಯವು ಇರಲಿ.

ಕನೆಕ್ಟಿಂಗ್ ರಾಡ್ ಬೇರೆ ಎಂಜಿನ್‌ನದ್ದು ಹಾಕಬಹುದಾ?

ಬಿಗ್ ಎಂಡ್ ಪಿನ್ ಎಂಜಿಎಯಲ್ಲೂ ಎಂಜಿಬಿಯಲ್ಲೂ ಸುಮಾರು 1.876 ಇಂಚು, ಅಂದರೆ 47.65 ಮಿ.ಮೀ. ಅಳತೆ ಒಂದೇ ಎಂದು ರಾಡ್ ತಂದು ಹಾಕುವವರು ಇದ್ದಾರೆ. ತೊಂದರೆ ಇರುವುದು ರಾಡ್‌ನ ಮೇಲ್ತುದಿಯಲ್ಲಿ.

ಮೂರು ಬೇರಿಂಗ್ ಎಂಜಿನ್‌ನಲ್ಲಿ ಪಿಸ್ಟನ್ ಪಿನ್ನನ್ನು ರಾಡ್‌ಗೆ ಬೋಲ್ಟ್ ಹಾಕಿ ಬಿಗಿದಿರುತ್ತಾರೆ. 18ಜಿಬಿಯಲ್ಲಿ ಪಿನ್ ಬುಷ್ ಒಳಗೆ ಬಿಡುವಾಗಿ ತಿರುಗುತ್ತದೆ, ಎರಡೂ ತುದಿಗೆ ಕ್ಲಿಪ್ ಇದೆ. ಆಮೇಲಿನವುಗಳಲ್ಲಿ ಪಿನ್ನನ್ನು ಪ್ರೆಸ್‌ನಲ್ಲಿ ಒತ್ತಿ ಕೂರಿಸುತ್ತಾರೆ. ಮೂರಕ್ಕೂ ಪಿಸ್ಟನ್ ಬೇರೆ ಬೇರೆ. ಹಾಗಾಗಿ ರಾಡ್ ಬದಲಾದರೆ ಪಿಸ್ಟನ್ನೂ ಬದಲಾಗಬೇಕು.

ಕೆಳತುದಿಯೂ ಬದಲಾಯಿತು. ಹಳೆಯ ರಾಡ್‌ಗಳ ಕ್ಯಾಪ್ ಓರೆಯಾಗಿ ಸೀಳಿದ್ದು. ಸಣ್ಣ ಬೋರ್ ಮೂಲಕ ರಾಡ್ ಮೇಲೆ ಎಳೆಯಲು ಆಗಲಿ ಎಂದೇ ಹಾಗೆ ಮಾಡಿದ್ದು. ಆಮೇಲಿನ 1798ಗಳಲ್ಲಿ ಕ್ಯಾಪ್ ನೇರವಾಗಿ ಸೀಳಿದ್ದು. ಇನ್ನೊಂದು ವಿಷಯ, ಮೂರು ಬೇರಿಂಗ್ ಎಂಜಿನ್‌ನಲ್ಲಿ ಬಿಗ್ ಎಂಡ್ ರಾಡ್‌ನ ನಡುಗೆರೆಗೆ ಸರಿಯಾಗಿ ಇರುವುದಿಲ್ಲ, ಒಂದು ಪಕ್ಕಕ್ಕೆ ಸರಿದಿರುತ್ತದೆ. 1 ಮತ್ತು 3ಕ್ಕೆ ಒಂದು ಬಗೆ, 2 ಮತ್ತು 4ಕ್ಕೆ ಇನ್ನೊಂದು ಬಗೆ. ಬಿಚ್ಚುವಾಗಲೇ ಗುರುತು ಹಾಕಿಕೊಳ್ಳಿ. ಒಂದರ ಕ್ಯಾಪ್ ಇನ್ನೊಂದಕ್ಕೆ ಹೋಗಲೇಬಾರದು.

ಮೇನ್ ಕ್ಯಾಪ್ ಒಂದು ಒಡೆದಿದೆ. ಗುಜರಿ ಬ್ಲಾಕ್‌ನಿಂದ ತೆಗೆದು ಹಾಕಲಾ?

ಸುಮ್ನೆ ಹಾಕಬೇಡಿ. ಕ್ಯಾಪ್‌ಗಳನ್ನು ಬ್ಲಾಕ್‌ಗೆ ಬಿಗಿದ ಮೇಲೆ ಎಲ್ಲಾ ತೂತುಗಳನ್ನು ಒಂದೇ ಸಾಲಿನಲ್ಲಿ ಕೊರೆದಿರುತ್ತಾರೆ. ಬೇರೆ ಬ್ಲಾಕ್‌ನ ಕ್ಯಾಪ್ ಹಾಕಿದರೆ ಆ ಸಾಲು ತಪ್ಪುತ್ತದೆ. ಹಾಕಲೇಬೇಕಾದರೆ ಲೈನ್ ಬೋರಿಂಗ್ ಮಾಡಿಸಿ. ಆ ಖರ್ಚಿಗೆ ಇನ್ನೊಂದು ಒಳ್ಳೆಯ ಬ್ಲಾಕ್ ಸಿಗುತ್ತದಾ ಎಂದೂ ನೋಡಿ.

10 ಥೌ, 20 ಥೌ ಅಂದರೆ ಏನು? ಎಷ್ಟು ಸಲ ಗ್ರೈಂಡ್ ಮಾಡಿಸಬಹುದು?

ಥೌ ಎಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ, 0.0254 ಮಿ.ಮೀ. ಜರ್ನಲ್ ಸವೆದು ಗೆರೆ ಬಿದ್ದಾಗ, ಅಥವಾ ಅಂಡಾಕಾರ ಆದಾಗ, ಅದನ್ನು ಗ್ರೈಂಡ್ ಮಾಡಿ ಮತ್ತೆ ದುಂಡಗೆ ಮಾಡುತ್ತಾರೆ. ಜರ್ನಲ್ ತೆಳುವಾದಷ್ಟು ಬೇರಿಂಗ್ ಶೆಲ್ (ಜರ್ನಲ್ ಸುತ್ತ ಕೂರುವ ಲೋಹದ ತೆಳು ಪಟ್ಟಿ) ದಪ್ಪ ಬೇಕು. ಶೆಲ್ ಸಿಗುವುದು 10, 20, 30, 40 ಥೌ ಮೆಟ್ಟಿಲುಗಳಲ್ಲಿ. ಅಂದರೆ ನಾಲ್ಕು ಅವಕಾಶ. ನಿಮ್ಮ ಕ್ರ್ಯಾಂಕ್ 30ರಲ್ಲಿದ್ದರೆ ಇನ್ನೊಂದೇ ಉಳಿದಿದೆ. ಒಂದು ಸಣ್ಣ ಗೆರೆ ಕಂಡಿತೆಂದು ಗ್ರೈಂಡಿಂಗ್‌ಗೆ ಓಡಬೇಡಿ. ಉಗುರಿಗೆ ಸಿಗದ ಗೆರೆ, ಅಳತೆ ಸರಿ ಇದೆ ಎಂದರೆ ಪಾಲಿಶ್ ಸಾಕು.

ಗ್ರೈಂಡಿಂಗ್‌ನಲ್ಲಿ ಅಳತೆಗಿಂತ ದೊಡ್ಡ ವಿಷಯ ಮೂಲೆ. ಜರ್ನಲ್ ಪಕ್ಕದ ಗೋಡೆಗೆ ಸೇರುವ ಜಾಗದಲ್ಲಿ ಸಣ್ಣ ದುಂಡು ತಿರುವು ಇರುತ್ತದೆ. ಅದನ್ನು ಲೇತ್‌ನವರು ರೇಡಿಯಸ್ ಎನ್ನುತ್ತಾರೆ. ಕಲ್ಲು ಚೂಪಾಗಿದ್ದು ಆ ತಿರುವನ್ನು ಚೌಕ ಮಾಡಿಬಿಟ್ಟರೆ ಬಿರುಕು ಹುಟ್ಟುವುದು ಅಲ್ಲಿಂದಲೇ. ಮುರಿದ ಕ್ರ್ಯಾಂಕ್ ಸಿಕ್ಕರೆ ನೋಡಿ, ಹೆಚ್ಚಾಗಿ ಈ ಮೂಲೆಯಿಂದ ಸೀಳಿಕೊಂಡು ಹೋಗಿರುತ್ತದೆ. ಕೆಲಸ ಕೊಡುವಾಗಲೇ "ರೇಡಿಯಸ್ ಉಳಿಸಿ" ಎಂದು ಹೇಳಿ. ಆಯಿಲ್ ತೂತಿನ ಬಾಯಿಯ ಚೂಪು ಅಂಚನ್ನೂ ಸ್ವಲ್ಪ ಉಜ್ಜಿ ನಯ ಮಾಡಿಸಿ, ಇಲ್ಲದಿದ್ದರೆ ಹೊಸ ಶೆಲ್ಲನ್ನು ಅದು ಕೆರೆಯುತ್ತದೆ.

ನನ್ನ ಅನುಭವ ಒಂದು ಹೇಳುತ್ತೇನೆ. ನನ್ನ ಅಂಬಾಸಿಡರ್‌ಗೆ ಒಂದು ಸೆಕೆಂಡ್ ಹ್ಯಾಂಡ್ ಕ್ರ್ಯಾಂಕ್ ತಂದಿದ್ದೆ. 20 ಥೌ ಎಂದು ಹೇಳಿ ಕೊಟ್ಟರು. ಮೊದಲ ಪಿನ್ ಅಳೆದೆ, ಸರಿಯಾಗಿ 20 ಇತ್ತು. ಅದೇ ಅಳತೆಯ ಶೆಲ್ ಸೆಟ್ ಹಾಕಿ ಕಟ್ಟಿದೆವು. ಸ್ಟಾರ್ಟ್ ಮಾಡಿದಾಗಿನಿಂದಲೇ ಆಯಿಲ್ ಪ್ರೆಶರ್ ಏರಲಿಲ್ಲ. ಎಂಜಿನ್ ಬಿಸಿಯಾದಂತೆ ಕೆಳಗಿನಿಂದ ಟಕ್ ಟಕ್ ಸದ್ದು. ಮತ್ತೆ ಬಿಚ್ಚಿದೆವು. ನಾಲ್ಕು ಪಿನ್‌ಗಳಲ್ಲಿ ಮೂರು 20, ಮೂರನೇ ಸಿಲಿಂಡರ್‌ನದ್ದು ಮಾತ್ರ 30. ಯಾವುದೋ ಕಾಲದಲ್ಲಿ ಆ ಒಂದು ಪಿನ್ ಸುಟ್ಟಿರಬೇಕು, ಅದನ್ನಷ್ಟೇ ಇನ್ನೊಮ್ಮೆ ಗ್ರೈಂಡ್ ಮಾಡಿದ್ದರು. ನಾಲ್ಕನ್ನೂ 30ಕ್ಕೆ ತಂದು, ಹೊಸ ಸೆಟ್ ಹಾಕಿದ ಮೇಲೆ ಸರಿಹೋಯಿತು. ಎರಡು ವಾರದ ಕೆಲಸ, ಒಂದು ಸೆಟ್ ಶೆಲ್ ಹೋಯಿತು. ಅಂದಿನಿಂದ ಏಳೂ ಜರ್ನಲ್, ಒಂದೊಂದನ್ನೂ ಎರಡು ದಿಕ್ಕಿನಲ್ಲಿ ಅಳೆಯದೆ ನಾನು ಶೆಲ್ ಕೊಳ್ಳುವುದಿಲ್ಲ.

ಅಳತೆ ಸರಿ ಇದೆ ಎಂದು ಜೋಡಿಸುವಾಗ ಹೇಗೆ ಖಚಿತ ಮಾಡಿಕೊಳ್ಳುವುದು?

ಪ್ಲಾಸ್ಟಿಗೇಜ್ ಎಂಬ ಮೇಣದ ಎಳೆ ಸಿಗುತ್ತದೆ. ಒಣಗಿದ ಜರ್ನಲ್ ಮೇಲೆ ಒಂದು ತುಂಡು ಇಟ್ಟು, ಕ್ಯಾಪ್ ಪೂರಾ ಬಿಗಿದು, ಮತ್ತೆ ಬಿಚ್ಚಿ. ಎಳೆ ಎಷ್ಟು ಅಗಲ ಚಪ್ಪಟೆಯಾಗಿದೆ ಎಂದು ಅದರ ಪಟ್ಟಿಯ ಮೇಲೆ ಹೋಲಿಸಿ. ನಡುವೆ ಕ್ರ್ಯಾಂಕ್ ತಿರುಗಿಸಬೇಡಿ. ಎಂಜಿಬಿಗೆ ಕಾರ್ಖಾನೆ ಕೊಟ್ಟ ಸಂದು 1ರಿಂದ 2.7 ಥೌ. ಮೇನ್ ಬೋಲ್ಟ್ ಬಿಗಿತ 70 ಪೌಂಡ್-ಅಡಿ. ನಿಮ್ಮ ಎಂಜಿನ್‌ಗೆ ಎಷ್ಟು ಎನ್ನುವುದನ್ನು ಅದರದ್ದೇ ಮ್ಯಾನುಯಲ್‌ನಲ್ಲಿ ನೋಡಿ, ಇದನ್ನೇ ಎಲ್ಲಕ್ಕೂ ಹಾಕಬೇಡಿ.

ಕ್ರ್ಯಾಂಕ್ ಹಿಂದೆ ಮುಂದೆ ಸರಿಯುವ ಅಳತೆಯೂ ಬೇಕು. ಅದನ್ನು ತಡೆಯುವುದು ನಡುವಿನ ಮೇನ್ ಬೇರಿಂಗ್‌ನ ಎರಡು ಪಕ್ಕದ ಥ್ರಸ್ಟ್ ವಾಷರ್‌ಗಳು. ಎಂಜಿಬಿಯಲ್ಲಿ ಅದು 4ರಿಂದ 5 ಥೌ. ಆಯಿಲ್ ಗೆರೆ ಇರುವ ಮುಖ ಕ್ರ್ಯಾಂಕ್ ಕಡೆಗೇ ಇರಬೇಕು. ಕ್ಲಚ್ ಒತ್ತಿದಾಗ ಪುಲ್ಲಿ ಮುಂದಕ್ಕೆ ಸರಿಯುವುದು ಕಣ್ಣಿಗೆ ಕಂಡರೆ ಈ ವಾಷರ್ ಸವೆದಿದೆ ಎಂದರ್ಥ.

ಹಳೆಯ ಕ್ರ್ಯಾಂಕ್ ಕೊಳ್ಳುವಾಗ ಏನು ನೋಡಬೇಕು?

ಮೈಕ್ರೋಮೀಟರ್ ಜೊತೆಗೆ ಒಂದು ಸಣ್ಣ ಸುತ್ತಿಗೆ ಇಟ್ಟುಕೊಳ್ಳಿ. ಕ್ರ್ಯಾಂಕನ್ನು ಹಗ್ಗದಲ್ಲಿ ತೂಗುಹಾಕಿ, ಮೆಲ್ಲಗೆ ತಟ್ಟಿ. ಒಳ್ಳೆಯದು ದೇವಸ್ಥಾನದ ಗಂಟೆಯ ಹಾಗೆ ಎಳೆದು ನಾದ ಕೊಡುತ್ತದೆ. ಬಿರುಕಿದ್ದದ್ದು ಒಡೆದ ಮಡಕೆಯ ಹಾಗೆ ಕಟ್ಟಿದ ಸದ್ದು ಮಾಡುತ್ತದೆ. ಇದು ಮೊದಲ ಪರೀಕ್ಷೆ ಮಾತ್ರ. ನಂಬಿ ಕಟ್ಟುವ ಮೊದಲು ಮ್ಯಾಗ್ನೆಟ್ ಇಟ್ಟು ಮಾಡುವ ಕ್ರ್ಯಾಕ್ ಟೆಸ್ಟ್ ಮಾಡಿಸಿ. ಕೀ ಕೂರುವ ತೋಡು ಅಗಲವಾಗಿದೆಯಾ, ಫ್ಲೈವೀಲ್ ಬೋಲ್ಟ್ ತೂತುಗಳು ಉದ್ದವಾಗಿವೆಯಾ, ನೀಲಿ ಬಣ್ಣ ಬಂದ ಜಾಗ ಇದೆಯಾ ನೋಡಿ. ನೀಲಿ ಎಂದರೆ ಅಲ್ಲಿ ಆಯಿಲ್ ಇಲ್ಲದೆ ಸುಟ್ಟಿದೆ.

ಅಂಬಾಸಿಡರ್ ನಿಂತಲ್ಲಿ ಆಯಿಲ್ ತೊಟ್ಟಿಕ್ಕುತ್ತದೆ. ಹೊಸ ಸೀಲ್ ಹಾಕಿದರೆ ಸರಿಹೋಗುತ್ತಾ?

ಮೂರು ಬೇರಿಂಗ್ ಬಿ-ಸೀರೀಸ್‌ನ ಹಿಂಬದಿಯಲ್ಲಿ ರಬ್ಬರ್ ಸೀಲ್ ಇಲ್ಲ. ಕ್ರ್ಯಾಂಕ್ ಮೇಲೆಯೇ ಸ್ಕ್ರೂ ಸುರುಳಿಯಂಥ ಗೆರೆ ಕೊರೆದಿದ್ದಾರೆ. ಅದು ತಿರುಗುವಾಗ ಆಯಿಲನ್ನು ಒಳಕ್ಕೆ ತಳ್ಳುತ್ತದೆ. ಗಾಡಿ ನಿಂತಾಗ ತಳ್ಳುವ ಕೆಲಸವೂ ನಿಲ್ಲುತ್ತದೆ. ಒಂದೆರಡು ಹನಿ ಬೀಳುವುದು ಅದರ ಗುಣ. ಐದು ಬೇರಿಂಗ್ ಎಂಜಿಬಿಯಲ್ಲಿ ಲಿಪ್ ಸೀಲ್ ಇದೆ, ಅದನ್ನು ಬದಲಾಯಿಸಬಹುದು.

ಸೋರಿಕೆ ಜಾಸ್ತಿಯಾದರೆ ಮೊದಲು ಬ್ರೀದರ್ ಪೈಪ್ ಕಟ್ಟಿಕೊಂಡಿದೆಯಾ ನೋಡಿ. ಒಳಗೆ ಗಾಳಿಯ ಒತ್ತಡ ಏರಿದರೆ ಆಯಿಲ್ ಹೊರಗೆ ದಾರಿ ಹುಡುಕುತ್ತದೆ. ಆಮೇಲೆ ಹಿಂದಿನ ಮೇನ್ ಬೇರಿಂಗ್ ಸವೆತ. ಅಲ್ಲಿ ಸಂದು ದೊಡ್ಡದಾದರೆ ಆ ಗೆರೆಗೆ ಕೆಲಸ ಹೆಚ್ಚಾಗಿ, ತಡೆಯಲಾಗುವುದಿಲ್ಲ.

ಕ್ರ್ಯಾಂಕ್ ಬೇಡ, ಎಂಜಿಬಿ ಹೆಡ್ ಹಾಕಿದರೆ ಶಕ್ತಿ ಸಿಗುತ್ತಾ?

ಹೆಡ್ ಎಂದರೆ ಸಿಲಿಂಡರ್‌ಗಳ ಮೇಲೆ ಕೂರುವ, ವಾಲ್ವ್‌ಗಳಿರುವ ಭಾಗ. 1798ರ ವಾಲ್ವ್‌ಗಳು ದೊಡ್ಡವು, 80 ಮಿ.ಮೀ. ಬೋರ್‌ಗೆ ಹೊಂದುವಂಥವು. 73 ಮಿ.ಮೀ. ಬೋರ್ ಮೇಲೆ ಕೂರಿಸಿದರೆ ವಾಲ್ವ್ ತೆರೆದಾಗ ಬ್ಲಾಕ್‌ನ ಅಂಚಿಗೆ ತಾಗುತ್ತದೆ. ಬ್ಲಾಕ್‌ನ ಅಂಚನ್ನು ಕೆತ್ತಿ ಜಾಗ ಮಾಡಿದವರಿದ್ದಾರೆ. ದಿನದ ಓಡಾಟಕ್ಕೆ ನಾನು ಅದನ್ನು ಹೇಳುವುದಿಲ್ಲ. 1489 ಬ್ಲಾಕನ್ನೇ ಬೋರ್ ಮಾಡಿ 1798 ಮಾಡುವುದಂತೂ ಆಗದ ಮಾತು, ಏಳು ಮಿ.ಮೀ. ಕೊರೆಯಲು ಗೋಡೆ ಎಲ್ಲಿದೆ?

ಡೀಸೆಲ್ ಮತ್ತು ಐಸುಝು ಅಂಬಾಸಿಡರ್?

ಬಿಎಂಸಿ ಡೀಸೆಲ್ ಕೂಡ 1489 ಸಿಸಿಯೇ. ಬೋರ್ ಸ್ಟ್ರೋಕ್ ಸಂಖ್ಯೆ ನೋಡಿ ಅದರ ತಿರುಗುವ ಸಾಮಾನನ್ನು ಪೆಟ್ರೋಲ್ ಬ್ಲಾಕ್‌ಗೆ, ಇದರದ್ದನ್ನು ಅದಕ್ಕೆ ಹಾಕಬೇಡಿ. ಡೀಸೆಲ್‌ನಲ್ಲಿ ಕಂಪ್ರೆಶನ್ ಎಷ್ಟೋ ಜಾಸ್ತಿ. ಪೆಟ್ರೋಲ್ ರಾಡ್, ಕ್ರ್ಯಾಂಕ್ ಆ ಹೊಡೆತಕ್ಕೆ ಮಾಡಿದ್ದಲ್ಲ. 1990ರ ದಶಕದಲ್ಲಿ ಬಂದ 1800 ಐಎಸ್‌ಝಡ್‌ನ 1817 ಸಿಸಿ ಐಸುಝು ಎಂಜಿನ್ ಪೂರ್ತಿ ಬೇರೆ. ಅದರಲ್ಲಿ ಕ್ಯಾಮ್ ಹೆಡ್ ಮೇಲಿದೆ. ಬಿ-ಸೀರೀಸ್‌ನ ಒಂದು ಬೋಲ್ಟೂ ಅಲ್ಲಿ ಉಪಯೋಗಕ್ಕಿಲ್ಲ ಎಂದೇ ಇಟ್ಟುಕೊಳ್ಳಿ.

ವಿಲ್ಲಿಸ್ ಜೀಪ್‌ನಲ್ಲೂ ಹೀಗೇನಾ?

ಜೀಪ್‌ನ ಕಥೆ ಇನ್ನೊಂದು ಬಗೆ, ಬಹಳ ಮಂದಿ ಇಲ್ಲಿ ಮೋಸಹೋಗುತ್ತಾರೆ. ಯುದ್ಧಕಾಲದ ಜೀಪ್‌ನ ಸೈಡ್ ವಾಲ್ವ್ ಎಂಜಿನ್, ಆಮೇಲಿನ ಸಿಜೆ-3ಬಿಯ ಎಫ್-ಹೆಡ್ (ಒಂದು ವಾಲ್ವ್ ಮೇಲೆ, ಇನ್ನೊಂದು ಪಕ್ಕದಲ್ಲಿ ಇರುವ) ಎಂಜಿನ್, ಎರಡಕ್ಕೂ ಬೋರ್ 79.4, ಸ್ಟ್ರೋಕ್ 111.1 ಮಿ.ಮೀ. ಮೂರು ಮೇನ್ ಬೇರಿಂಗ್. 2199 ಸಿಸಿ.

ವ್ಯತ್ಯಾಸ ಇರುವುದು ಮುಂದೆ. ಯುದ್ಧಕಾಲದ ಎಂಜಿನ್‌ನಲ್ಲಿ ಟೈಮಿಂಗ್ ಚೈನ್. 1946ರಲ್ಲಿ ಅದನ್ನು ಬಿಟ್ಟು ಗೇರ್ ಹಾಕಿದರು. ಚೈನ್ ಇದ್ದರೆ ಕ್ಯಾಮ್ ಕ್ರ್ಯಾಂಕ್ ತಿರುಗುವ ದಿಕ್ಕಿಗೇ ತಿರುಗುತ್ತದೆ. ಗೇರ್ ನೇರ ಗೇರ್‌ಗೆ ಸೇರಿದರೆ ಎದುರು ದಿಕ್ಕಿಗೆ. ಹಾಗಾಗಿ ಕ್ಯಾಮ್ ಬೇರೆ, ಅದರಿಂದ ಓಡುವ ಆಯಿಲ್ ಪಂಪ್ ಬೇರೆ. ಚೈನ್ ಎಂಜಿನ್‌ನ ಆಯಿಲ್ ಪಂಪನ್ನು ಗೇರ್ ಎಂಜಿನ್‌ಗೆ ಹಾಕಿದರೆ ಆಯಿಲ್ ಮೇಲಕ್ಕೆ ಬರುವುದೇ ಇಲ್ಲ. ಬೇರಿಂಗ್ ನಿಮಿಷಗಳಲ್ಲಿ ಹೋಗುತ್ತದೆ. ಟೈಮಿಂಗ್ ಸಾಮಾನು, ಕ್ಯಾಮ್, ಪಂಪ್ ಮೂರನ್ನೂ ಒಂದೇ ಎಂಜಿನ್‌ನಿಂದ ಇಡಿಯಾಗಿ ತೆಗೆದುಕೊಳ್ಳಿ.

ಪದ್ಮಿನಿ, ಹೆರಾಲ್ಡ್ ಇರುವವರು?

ನಮ್ಮ ಫಿಯಟ್ ಮತ್ತು ಪ್ರೀಮಿಯರ್ ಪದ್ಮಿನಿ 1089 ಸಿಸಿ, ಬೋರ್ 68, ಸ್ಟ್ರೋಕ್ 75. ಇಟಲಿಯ 1100ಡಿಯಲ್ಲಿ 72 ಬೋರ್, 1221 ಸಿಸಿ, ಸ್ಟ್ರೋಕ್ ಅದೇ 75. ಮತ್ತೆ ಅದೇ ಬಲೆ, ಅಳೆಯದೆ ತರಿಸಬೇಡಿ.

ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ 948 ಸಿಸಿ, ಸ್ಟ್ರೋಕ್ 76. ಇಂಗ್ಲೆಂಡಿನ ಟ್ರಯಂಫ್ 1147 ಮತ್ತು 1296ರಲ್ಲೂ 76, 1493ರಲ್ಲಿ ಮಾತ್ರ 87.5. ಆದರೆ 1296 ಒಂದರಲ್ಲೇ ಸಣ್ಣ ಜರ್ನಲ್ ಕ್ರ್ಯಾಂಕ್, ದೊಡ್ಡ ಜರ್ನಲ್ ಕ್ರ್ಯಾಂಕ್ ಎಂದು ಎರಡು ಬಗೆ ಇವೆ. ಮಾರುವವರು ಯಾವುದು ಎಂದು ಹೇಳದಿದ್ದರೆ ಅಳತೆಯ ಫೋಟೊ ಕೇಳಿ.

ಬದಲಾಯಿಸಿ ಕಟ್ಟಿದ್ದಾಯಿತು. ಮೊದಲ ಸಲ ಸ್ಟಾರ್ಟ್ ಮಾಡುವಾಗ?

ಜೋಡಿಸುವಾಗ ಪ್ರತಿ ಶೆಲ್‌ಗೂ ಧಾರಾಳವಾಗಿ ಆಯಿಲ್ ಹಚ್ಚಿರಬೇಕು. ಪ್ಲಗ್‌ಗಳನ್ನು ಬಿಚ್ಚಿಟ್ಟು ಸ್ಟಾರ್ಟರ್‌ನಲ್ಲಿ ತಿರುಗಿಸಿ. ಆಯಿಲ್ ಪ್ರೆಶರ್ ಮುಳ್ಳು ಮೇಲೇಳುವವರೆಗೂ ಬಿಟ್ಟು ಬಿಟ್ಟು ತಿರುಗಿಸಿ, ಸ್ಟಾರ್ಟರ್‌ಗೂ ಉಸಿರು ಕೊಡಿ. ಮುಳ್ಳು ಏಳದಿದ್ದರೆ ಪ್ಲಗ್ ಹಾಕಬೇಡಿ, ಪಂಪ್ ಮತ್ತು ಪೈಪ್ ನೋಡಿ. ಎದ್ದ ಮೇಲೆಯೇ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ. ಮೊದಲ 500 ಕಿ.ಮೀ. ಎಂಜಿನ್ ಎಳೆಯಬೇಡಿ, ಟಾಪ್ ಗೇರ್‌ನಲ್ಲಿ ಏರು ಹತ್ತಿಸಬೇಡಿ. ಆಮೇಲೆ ಆಯಿಲ್ ಬದಲಾಯಿಸಿ. ಹಳೆಯ ಆಯಿಲನ್ನು ಬಿಳಿ ಬಟ್ಟೆಯ ಮೇಲೆ ಸೋಸಿ ನೋಡಿ. ತಾಮ್ರದ ಬಣ್ಣದ ಹೊಳಪು ಕಂಡರೆ ಶೆಲ್‌ನ ಮೇಲ್ಪದರ ಆಗಲೇ ಸವೆದಿದೆ, ಸಂಪ್ ಬಿಚ್ಚಿ ಮತ್ತೆ ಅಳೆಯಿರಿ.

ಬಿಚ್ಚಿಟ್ಟ ಹಳೆಯ ಕ್ರ್ಯಾಂಕನ್ನು ಗುಜರಿಗೆ ಹಾಕಬೇಡಿ. ಗ್ರೀಸ್ ಬಳಿದು, ಎಣ್ಣೆ ಕಾಗದ ಸುತ್ತಿ, ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿ ಕಟ್ಟಿಡಿ.  ಅದರ ಮೇಲೆ ಒಂದು ಚೀಟಿ ಅಂಟಿಸಿ: ಯಾವ ಎಂಜಿನ್‌ನದ್ದು, ಏಳು ಜರ್ನಲ್‌ನ ಅಳತೆ ಎಷ್ಟು, ಯಾವ ತಾರೀಕಿಗೆ ಇಳಿಸಿದ್ದು.